ಗಂಟಲು ಕಟ್ಟುವ ಜಾಗ

ಸಿಟ್ಟು ಬಂದರೆ ಅವರ ಮುಖ ಕೆಂಪಾಗುತ್ತಿರಲಿಲ್ಲ, ಕಿವಿ ಕೆಂಪಾಗುತ್ತಿದ್ದವು. ಮೊದಲು ಬಲಗಿವಿ. ಅದು ಎಡಗಿವಿಗಿಂತ ದೊಡ್ಡದು. ಹೆಂಚಿನ ಮೇಲೆ ಒಣಗಿದ ರೊಟ್ಟಿಯ ಅಂಚಿನ ಹಾಗೆ ಮುಂದಕ್ಕೆ ಮಡಚಿಕೊಂಡು ನಿಂತಿರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ಪ್ರೂಫನ್ನು ಅವರು ಕಣ್ಣಿನಿಂದ ನೋಡುತ್ತಿದ್ದದ್ದು ಕಡಿಮೆ, ಕಿವಿಯಿಂದ ಕೇಳುತ್ತಿದ್ದದ್ದೇ ಹೆಚ್ಚು. ಯಾರಾದರೂ ಗಟ್ಟಿಯಾಗಿ ಓದಬೇಕು. ಅಚ್ಚಿನ ಮಷಿನಿನ ಗದ್ದಲದಲ್ಲಿ ಕೇಳಿಸಬೇಕೆಂದು ಅವರು ಕಿವಿಯ ಹಿಂದೆ ಅಂಗೈ ಕೊಟ್ಟು ಮುಂದಕ್ಕೆ ಒತ್ತಿ ಹಿಡಿಯಬೇಕು. ಹಿಡಿದೂ ಹಿಡಿದೂ ಕಿವಿ ಆ ಆಕಾರಕ್ಕೇ ನಿಂತುಬಿಟ್ಟಿತ್ತು. ಹಿಂಭಾಗದಲ್ಲಿ ಅಂಗೈಯ ಮಸಿ ಮೆತ್ತಿಕೊಂಡು, ಯಾವ ಸ್ನಾನಕ್ಕೂ ಹೋಗದೆ, ಬೆಕ್ಕಿನ ಕಿವಿಯ ಮಚ್ಚೆಯ ಹಾಗೆ ಕೂತಿತ್ತು.

ಕಲಬುರಗಿಯಲ್ಲಿ ಅವರು ಎಲ್ಲರಿಗೂ ಪ್ರೆಸ್ ಕಾಕಾ. ಬ್ರಹ್ಮಪುರದ ಒಂದು ಗಲ್ಲಿಯಲ್ಲಿ ಅವರ ಪ್ರೆಸ್ಸು, ಮನೆ ಮಾತ್ರ ಕಮಲಾಪುರದಲ್ಲಿ. ದಿನಾ ಮುಂಜಾನೆ ಬಸ್ಸಿನಲ್ಲಿ ಬರುವುದು, ಸಂಜೆ ಬಸ್ಸಿಗೆ ತಿರುಗಿ ಹೋಗುವುದು. ಹೆಗಲಲ್ಲಿ ಒಂದು ಬಟ್ಟೆಯ ಚೀಲ. ಅದರಲ್ಲಿ ಪ್ರೂಫು, ಅಡಿಪಟ್ಟಿ, ಬ್ಲೇಡು ಮತ್ತು ತಪ್ಪದೇ ಕಮಲಾಪುರದ ಕೆಂಪು ಬಾಳೆಹಣ್ಣು. ‘ಬರಿಗೈಲೆ ಯಾರ ಎದುರಿಗೂ ಕೂಡಬಾರ್ದು’ ಎಂಬುದು ಅವರ ಒಂದು ನಿಯಮ. ತಾಯಿಯಿಂದ ಬಂದದ್ದು ಮರಾಠಿ, ಮನೆಯಲ್ಲಿ ಪ್ರೆಸ್ಸಿನಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು. ಸಿಟ್ಟು ಮಾತ್ರ ಮೂರರಲ್ಲೂ.

ಅವರು ಸಿಟ್ಟಿನ ಮನುಷ್ಯ ಎಂದು ಊರೆಲ್ಲ ಹೇಳುತ್ತಿತ್ತು. ಹೇಳಿದವರು ಯಾರೂ ಆ ಸಿಟ್ಟು ಯಾತಕ್ಕೆ ಎಂದು ಕೇಳಲಿಲ್ಲ. ನಾನು ಇಲ್ಲಿ ಹೇಳುತ್ತಿದ್ದೇನೆ. ನನಗೂ ಈಗ ಸಿಟ್ಟು ಬಂದಿದೆ, ಮತ್ತು ಅದು ಬಹಳ ತಡವಾಗಿ ಬಂದಿದೆ. ಸಿಟ್ಟಿಗೆ ಬೇಕಾದ ಧೈರ್ಯ ನನ್ನಲ್ಲಿ ಯಾವ ಕಾಲಕ್ಕೂ ಕಡಿಮೆಯೇ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಓಣಿಯ ತುದಿಯಿಂದ ಮರಳಿ ಮನೆಗೆ ಬರುವ ಹೆಂಗಸು ನಾನು. ಬಸ್ಸಿನಲ್ಲಿ ತುರ್ತು ಬಾಗಿಲಿನ ಪಕ್ಕ ಕೂಡುತ್ತೇನೆ, ಕೂತ ಮೇಲೆ ಆ ಬಾಗಿಲು ತಾನೇ ತೆರೆದುಕೊಂಡರೆ ಎಂದು ಎದ್ದು ಬೇರೆ ಕಡೆ ಕೂಡುತ್ತೇನೆ. ಇಂಥವಳ ಕೈಗೆ ಕಾಕಾ ಒಂದು ಪುಸ್ತಕ ಬರೆಯಲು ಕೊಟ್ಟರು.

ನಾನಾಗ ಸರಕಾರಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಹೊಸ ಲೆಕ್ಚರರ್. ಕಾಕಾ ನಮ್ಮಪ್ಪನ ಗೆಳೆಯರು. ನಮ್ಮ ಭಾಗದ ಒಂದು ವಿದ್ಯಾಸಂಸ್ಥೆಯವರು ತಮ್ಮ ಕಾಲೇಜುಗಳ ಹುಡುಗರಿಗೆಂದು ಲೋಕದ ಧರ್ಮಗಳ ಬಗ್ಗೆ ಸಣ್ಣ ಸಣ್ಣ ಪರಿಚಯದ ಪುಸ್ತಕ ತರಲು ಹೊರಟಿದ್ದರು. ಬರೆಸುವುದು, ಅಚ್ಚು ಹಾಕುವುದು ಎರಡೂ ಕಾಕಾನ ಪಾಲಿಗೆ. ಉಳಿದವಕ್ಕೆಲ್ಲ ದೊಡ್ಡ ದೊಡ್ಡ ವಿದ್ವಾಂಸರು ಸಿಕ್ಕಿದ್ದರು.

“ಯಹೂದಿ ಧರ್ಮ ಒಂದು ಉಳದದ ತಂಗಿ. ಯಾರೂ ಕೈ ಹಚ್ಚವಲ್ರು. ನೀ ಬರಿ” ಎಂದರು.

“ಕಾಕಾ, ನಾ ಜನ್ಮದಾಗ ಒಬ್ಬ ಯಹೂದಿನ್ನೂ ನೋಡಿಲ್ಲ.”

“ನೋಡಿಲ್ಲ ಅನ್ನೂದು ನಿನಗ ಗೊತ್ತದಲ್ಲ? ಅಷ್ಟ ಸಾಕು. ಉಳದವರಿಗೆ ಅದೂ ಗೊತ್ತಿಲ್ಲ.”

ಒಪ್ಪಿಕೊಂಡೆ. ಒಪ್ಪಿಕೊಂಡ ಕೂಡಲೇ ಚಿಂತೆ ಶುರುವಾಯಿತು. ಒಬ್ಬ ಪ್ರವಾದಿಯ ಹೆಸರು ತಪ್ಪಿದರೆ? ಯಾವುದೋ ಪರದೇಶದವರು ತಕರಾರು ತೆಗೆದರೆ? ಸರಕಾರ ನನ್ನನ್ನು ರಾಯಚೂರಿಗೆ ಎತ್ತಿ ಹಾಕಿದರೆ? ಕಾಕಾ ನಕ್ಕರು. “ಪರದೇಶದವ್ರು ಕನ್ನಡ ಓದ್ಲಿಕ್ಕೆ ಕುಂತಾರೇನು? ನೀ ಅಂಜಬೇಕಾದ್ದು ಬ್ಯಾರೇಕ.”

ಆ ‘ಬ್ಯಾರೇದು’ ಅವರ ಎರಡನೇ ನಿಯಮ, ಮತ್ತು ಅವರ ಇಡೀ ಜೀವನ ನಿಂತದ್ದು ಅದರ ಮೇಲೆ. ಯಾವ ಜನರ ನಂಬಿಕೆಯ ಬಗ್ಗೆ ಬರೆದಿದ್ದೀರೋ ಅವರಲ್ಲೊಬ್ಬರ ಎದುರಿಗೆ ಕೂತು, ಬರೆದವರೇ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಆಮೇಲೆಯೇ ಅಚ್ಚಿನ ಮೊಳೆ ಜೋಡಿಸುವುದು. “ಬರಿಯೂಮುಂದ ಮನುಷ್ಯಾ ಏನ್ ಬೇಕಾದ್ದ ಬರೀತಾನ. ಎದುರಿಗೆ ಕೂತು ಓದೂಮುಂದ ಗಂಟಲು ಎಲ್ಲಿ ಕಟ್ತದ, ಅಲ್ಲಿ ಸುಳ್ಳದ. ಅದನ್ನ ಗೆರಿ ಎಳದು ಹೊಡಿ” ಎನ್ನುತ್ತಿದ್ದರು.

ಈ ನಿಯಮ ಕೆಲಸ ಮಾಡುವುದನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೆ. ಇಸ್ಲಾಮಿನ ಪುಸ್ತಕ ಬರೆದವರು ಒಬ್ಬ ನಿವೃತ್ತ ಪ್ರೊಫೆಸರರು. ದರ್ಗಾದ ಉರುಸಿನ ಮುಂಚಿನ ದಿನಗಳು. ದರ್ಗಾ ಇರುವ ರೋಜಾ ಬಡಾವಣೆಯ ಲಾಡ್ಜುಗಳೆಲ್ಲ ತುಂಬಿ, ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಅಲ್ಲಿಯ ಒಬ್ಬ ವೃದ್ಧ ಉರ್ದು ಮಾಸ್ತರರ ಪಡಸಾಲೆಯಲ್ಲಿ ಓದುವುದೆಂದು ಗೊತ್ತಾಯಿತು. ಕಾಕಾ ಬಾಳೆಹಣ್ಣು ಇಟ್ಟರು. ಮಾಸ್ತರರು “ಪಢೋ ಸಾಬ್” ಎಂದು ಕಣ್ಣು ಮುಚ್ಚಿದರು. ಪ್ರೊಫೆಸರರು ಧ್ವನಿ ಏರಿಸಿ ಓದುತ್ತ ಹೋದವರು ಒಂದು ಕಡೆ ಕೆಮ್ಮಿ, ಪುಟ ತಿರುಗಿಸಿ, ಮುಂದೆ ಹೋದರು. ಕಾಕಾ ಕಿವಿಯಿಂದ ಕೈ ತೆಗೆದರು.

“ಒಂದು ಪ್ಯಾರಾ ನುಂಗಿದ್ರಲ್ರೀ ಸರ.”

“ಅದು ಅಷ್ಟೇನ್ ಮಹತ್ವದ್ದಲ್ಲ.”

“ಮಹತ್ವದ್ದಲ್ಲಂದ್ರ ಬರದಿದ್ಯಾಕ? ಓದ್ರಿ. ಮಾಸ್ತರು ಕೇಳ್ಲಿಕ್ಕೆ ಕುಂತಾರ.”

ಪ್ರೊಫೆಸರರು ಬಾಯಿ ತೆರೆದರು. ಎದುರಿಗೆ ಆ ಮುದುಕರು ಕಣ್ಣು ಮುಚ್ಚಿ, ಕೈ ಕಟ್ಟಿ, ಒಳ್ಳೆಯ ಮಾತು ಬರುತ್ತದೆಂದು ನಂಬಿ ಕೂತಿದ್ದಾರೆ. ಧ್ವನಿ ಹೊರಡಲಿಲ್ಲ. ಕಿಸೆಯಿಂದ ಪೆನ್ನು ತೆಗೆದು ತಾವೇ ಆ ಪ್ಯಾರಾ ಹೊಡೆದರು. ಹೊರಗೆ ಬಂದ ಮೇಲೆ ಕಾಕಾನ ಕಿವಿಗಳು ಕೆಂಪಿರಲಿಲ್ಲ. ಜಾತ್ರೆಯ ಕುಸ್ತಿ ಗೆದ್ದ ಪೈಲ್ವಾನನ ಹಾಗೆ ನಡೆಯುತ್ತಿದ್ದರು.

ನನ್ನ ಪುಸ್ತಕದ ತೊಡಕು ಇದೇ. ಯಾರ ಎದುರಿಗೆ ಓದುವುದು? ಸಂಸ್ಥೆಯ ಅಧ್ಯಕ್ಷರು ಒಂದು ದಿನ ಪ್ರೆಸ್ಸಿಗೆ ಬಂದು, ಸಫಾರಿಯ ಮಡಿಕೆ ಕೆಡದ ಹಾಗೆ ಸ್ಟೂಲಿನ ತುದಿಗೆ ಕೂತು, ಇದನ್ನೇ ನಗುತ್ತ ಕೇಳಿದರು: “ಅಲ್ರೀ ಕಾಕಾ, ನಮ್ಮ ಜಿಲ್ಲಾದಾಗ ಒಬ್ಬ ಯಹೂದಿ ಇಲ್ಲ. ಏನ್ ಬರದ್ರೂ ಯಾರು ಕೇಳ್ತಾರ? ಜಲ್ದಿ ಮುಗಸ್ರಿ.”

ಕಾಕಾನ ಬಲಗಿವಿ ಕೆಂಪೇರಿತು. “ಮನ್ಯಾಗ ಯಾರೂ ಇಲ್ಲಂತ ಹೇಳಿ ಆ ಮನಿಗೆ ಕಲ್ಲು ಒಗೀತೀರೇನ್ರೀ ಅಧ್ಯಕ್ಷರ? ಕೇಳವ್ರು ಇಲ್ಲದ ಕಡೆನೇ ಹೆಚ್ಚು ಹುಷಾರಿರಬೇಕು.”

ಅಧ್ಯಕ್ಷರು ನಕ್ಕು ಎದ್ದು ಹೋದರು. ಯಾರು ಕೇಳ್ತಾರ! ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ನಾನಂತೂ ಇಟ್ಟುಕೊಂಡಿದ್ದೇನೆ.

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಸಿಕ್ಕ ಎರಡು ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ಹಿಂಡಿ ನಾನು ಬರೆದೆ. ದೇವರು ಒಬ್ಬನೇ, ಅವನಿಗೆ ರೂಪವಿಲ್ಲ, ಮೂರ್ತಿಯಿಲ್ಲ, ಧರ್ಮಗ್ರಂಥ ಹೀಗೆ, ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಗೆ ಹುಳಿ ಬರದ ರೊಟ್ಟಿ ತಿನ್ನುತ್ತಾರೆ. ವಾರದ ವಿಶ್ರಾಂತಿಯ ದಿನಕ್ಕೆ ಬಂದಾಗ ಪುಸ್ತಕದಲ್ಲಿದ್ದದ್ದು ಇಷ್ಟು: ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಮನೆಯ ಹೆಂಗಸು ದೀಪ ಹಚ್ಚುತ್ತಾಳೆ, ಶನಿವಾರ ಒಲೆ ಹಚ್ಚುವುದಿಲ್ಲ, ಕೆಲಸ ಮಾಡುವುದಿಲ್ಲ. ಒಲೆ ಹಚ್ಚುವುದಿಲ್ಲ ಎಂದಮೇಲೆ? ಶನಿವಾರ ಹಣಮಪ್ಪನ ಹೆಸರಿನಲ್ಲಿ ಅವ್ವ ಉಪವಾಸ ಮಾಡುವುದನ್ನು ನೋಡುತ್ತ ಬೆಳೆದವಳು ನಾನು. ಯೋಚನೆ ಕೂಡ ಮಾಡದೆ ಬರೆದೆ: ‘ಯಹೂದಿಗಳು ಶನಿವಾರದಂದು ಕಟ್ಟುನಿಟ್ಟಾಗಿ ಉಪವಾಸ ಆಚರಿಸುತ್ತಾರೆ.’

ಪ್ರೆಸ್ಸಿನಲ್ಲಿ ಕಾಕಾನಿಗೆ ಇದನ್ನು ಓದಿ ಕೇಳಿಸುತ್ತಿದ್ದಾಗ ಅವರು ತಟ್ಟನೆ ಎದ್ದು ನಿಂತರು. “ಥಾಂಬ, ಥಾಂಬ, ನಿಂದ್ರು! ನಮ್ಮ ಓಣ್ಯಾಗ ಒಬ್ಬಾಕಿ ಬರೋಬ್ಬರಿ ಹಿಂಗ ಮಾಡ್ತಾಳಲ್ಲ! ಶುಕ್ರವಾರ ಹೊತ್ತು ಮುಳುಗೂದ್ರಾಗ ದೀಪ, ಶನಿವಾರ ಒಲಿ ಬಂದ್!”

ಕಮಲಾಪುರದ ಬ್ಯಾಂಕಿಗೆ ಮುಂಬಯಿ ಕಡೆಯಿಂದ ವರ್ಗವಾಗಿ ಬಂದಿದ್ದ ಮ್ಯಾನೇಜರನ ತಾಯಿ. ಮುಂಬಯಿಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಮರಾಠಿ ಮಾತು, ಉಡುವುದು ಒಂಬತ್ತು ಗಜದ ಸೀರೆ, ಅಡ್ಡಹೆಸರು ಕೊಂಕಣದ ಯಾವುದೋ ಹಳ್ಳಿಯದಾಗಿ ‘ಕರ್’ ಎಂದು ಮುಗಿಯುವಂಥದ್ದು. ಓಣಿಗೆ ಅವರು ಮುಂಬಯಿ ಬಾಯಿ. ಶನಿವಾರ ಅವರ ಮನೆಯಲ್ಲಿ ಹೊಗೆ ಏಳುವುದಿಲ್ಲ ಎಂಬುದನ್ನು ಓಣಿ ಗಮನಿಸಿತ್ತು, ಮೆಚ್ಚಿತ್ತು. ‘ಹಣಮಪ್ಪನ ಭಕ್ತಳು, ಭಾಳ ಕಡಕ್ ವ್ರತ’ ಎಂದು ತೀರ್ಮಾನಿಸಿಬಿಟ್ಟಿತ್ತು. ಕಾಕಾನ ಹೆಂಡತಿ ಕಾಕು ಪ್ರತಿ ಶನಿವಾರ ಆ ‘ಉಪವಾಸದ ಬಾಯಿ’ಗೆಂದು ಸಾಬೂದಾಣಿ ಖಿಚಡಿ ಕಳಿಸುತ್ತಿದ್ದರು. ಬಾಯಿ ತಿಂದು, ಪಾತ್ರೆ ತೊಳೆಯದೆಯೇ ಇಟ್ಟು, ಭಾನುವಾರ ತೊಳೆದು, ಅದರ ತುಂಬ ಏನಾದರೂ ಹಾಕಿ ಮರಳಿಸುತ್ತಿದ್ದರು.

ಭಾನುವಾರ ನಾವು ಬಾಯಿಯ ಮನೆಗೆ ಹೋದೆವು: ಕಾಕಾ, ಕಾಕು, ನಾನು, ಬಾಳೆಹಣ್ಣು. ಕಾಕಾ ನೇರ ಕೇಳಿಯೇಬಿಟ್ಟರು. ಬಾಯಿ ಸೆರಗು ಸರಿಮಾಡಿಕೊಂಡು, ಹೌದು, ನಾವು ಯಹೂದಿಗಳೇ, ನಮ್ಮವರು ಕೊಂಕಣಕ್ಕೆ ಬಂದು ಎಷ್ಟು ತಲೆಮಾರಾಯಿತೋ ನಮಗೇ ಗೊತ್ತಿಲ್ಲ ಎಂದರು, ಮಳೆ ಬಂತು ಎಂದಷ್ಟೇ ಸಲೀಸಾಗಿ. ಬಾಗಿಲ ಚೌಕಟ್ಟಿನ ಮೇಲೆ ಬೆರಳಗಲದ ಡಬ್ಬಿಯೊಂದು ಓರೆಯಾಗಿ ಬಡಿದಿತ್ತು; ಇಂಥದ್ದನ್ನು ಇಂಗ್ಲಿಷ್ ಪುಸ್ತಕದಲ್ಲಿ ಓದಿ ನಾನು ಹಸ್ತಪ್ರತಿಯಲ್ಲಿ ‘ತಾಯಿತ’ ಎಂದು ಬರೆದಿದ್ದೆ. ಕಾಕು ಅದನ್ನು ದೃಷ್ಟಿಗೆ ಕಟ್ಟಿದ್ದು ಎಂದುಕೊಂಡಿದ್ದರು. ಬಾಯಿ ಹೇಳಿದರು, ಅದರೊಳಗೆ ಇರುವುದು ಬರಹ: ದೇವರು ಒಬ್ಬನೇ, ಅವನನ್ನು ಮನಸ್ಸು ತುಂಬ ಪ್ರೀತಿಸು ಎಂದು. ಹೋಗುವಾಗ ಬರುವಾಗ ನೆನಪಾಗಲೆಂದು.

ಓದು ಶುರುವಾಯಿತು. ಬಾಯಿಗೆ ಕನ್ನಡ ಸಂತೆಗೆ ಸಾಕಾಗುವಷ್ಟು, ಪುಸ್ತಕಕ್ಕೆ ಸಾಲದು. ನಾನು ಒಂದು ವಾಕ್ಯ ಓದುವುದು, ಕಾಕಾ ಅದನ್ನು ಮರಾಠಿಯಲ್ಲಿ ಹೇಳುವುದು. ಉಪವಾಸದ ವಾಕ್ಯ ಬಂತು. ಕಾಕು ಗಂಡನ ಕಡೆ ತಿರುಗಿ, “ನಾ ಹೇಳಿಲ್ಲೇನು?” ಎಂದರು. ಕಾಕಾ ಅದನ್ನೂ ಮರಾಠಿಗೆ ಹೊರಳಿಸಿದರು.

ಬಾಯಿ ಕನ್ನಡಕ ತೆಗೆದರು. ನಗು ತಡೆಯಲಾಗದೆ ಕಣ್ಣು ಒರೆಸಿಕೊಂಡರು. “ಉಪವಾಸ? ಅಗಂ, ಶನಿವಾರ ಮ್ಹಣಜೆ ಆಮಚಾ ಸಣ!” ಶನಿವಾರವೆಂದರೆ ನಮಗೆ ಹಬ್ಬ. ಶುಕ್ರವಾರವೇ ಒಳ್ಳೊಳ್ಳೆಯದನ್ನು ಮಾಡಿಟ್ಟುಕೊಂಡು ಕೂತು ಉಣ್ಣುವ ದಿನ. ಅವತ್ತು ದುಃಖ ಮಾಡಬಾರದು, ಹೊಟ್ಟೆ ಕಾಯಿಸಬಾರದು.

ಕಾಕುವಿನ ಮುಖ ಇಳಿಯಿತು. “ಮತ್ತ ನಾ ಇಷ್ಟು ದಿನ ಕಳಿಸಿದ ಖಿಚಡಿ?”

“ಚವಿಷ್ಟ ಹೋತೀ, ಭಾಳ ರುಚಿ. ಊಟ ಆದಮ್ಯಾಲ ತಿಂತಿದ್ದೆ” ಎಂದು ಬಾಯಿ ಎರಡೂ ಭಾಷೆ ಬೆರೆಸಿ ಹೇಳಿದರು.

“ಹೇಳಬಾರ್ದಾಗಿತ್ತೇನ್ರೀ ನಮಗ?”

“ಕೋಣೀ ವಿಚಾರಲಂಚ ನಾಹೀ.” ಯಾರೂ ಕೇಳಲೇ ಇಲ್ಲ.

ನಾವು ಹೆಂಗಸರು ನಗುತ್ತಿದ್ದೆವು. ಕಾಕಾ ನಗಲಿಲ್ಲ. ಅವರ ಎರಡೂ ಕಿವಿ ಕೆಂಪಾಗಿದ್ದವು. ತಿರುಗಿ ಬರುವಾಗ ದಾರಿಯಲ್ಲಿ ಹೇಳಿದರು: “ಸಂತಿ ದಿನ ನಾ ಬರೂ ಬಸ್ಸಿನ್ಯಾಗ ಆಕಿ ಬಂದು ಹೋಗ್ತಾಳ. ಬಾಳೆಹಣ್ಣಿಂದು ಧಾರಣಿ ಕೇಳೀನಿ, ಮಗನ ಪಗಾರ ಕೇಳೀನಿ. ನೀವು ಯಾರು ಅಂತ ಕೇಳಿಲ್ಲ. ನಮ್ಮದೇ ಒಂದು ವ್ರತ ಆಕಿ ಕೊರಳಿಗೆ ಕಟ್ಟಿ ಸುಮ್ಮ ಕುಂತೀವಿ. ಆ ಅಧ್ಯಕ್ಷಗ ಬೈದೆ ನೋಡು, ನನಗೂ ಎರಡು ಬಡೀಬೇಕಾಗಿತ್ತು.”

ಹಲವು ಭಾನುವಾರ ಓದಿದೆವು. ‘ಯಹೂದಿಗಳ ದೇವರು’ ಎಂದು ನಾನು ಬರೆದ ಕಡೆಯೆಲ್ಲ ಬಾಯಿ ತಡೆದರು: ಆಮಚಾ, ತುಮಚಾ, ನಮ್ಮವ, ನಿಮ್ಮವ ಎಂದು ದೇವರು ಬೇರೆ ಇದ್ದಾನೆಯೇ? ಹುಳಿ ಬರದ ರೊಟ್ಟಿಯ ವಿಷಯ ಬಂದಾಗ ಕಾಕು, “ಹಂಗಾರ ನಮ್ಮ ಜೋಳದ ರೊಟ್ಟಿ ನಡೀತದಲ್ಲ, ಅದರಾಗ ಎಲ್ಲಿ ಹುಳಿ?” ಎಂದು ವಾದಕ್ಕೇ ನಿಂತರು. ನಡೆಯುವುದಿಲ್ಲ, ಗೋಧಿಯಂಥದ್ದೇ ಬೇಕು ಎಂದು ಬಾಯಿ. ಇಂಥದ್ದೆಲ್ಲ ಸೇರಿ ನನ್ನ ಪುಸ್ತಕ ಇಂಗ್ಲಿಷ್ ಪುಸ್ತಕದ ನೆರಳು ಬಿಟ್ಟು ಒಂದು ಮನೆಯಂತಾಯಿತು. ಕೊನೆಯ ಭಾನುವಾರ ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ಎಲ್ಲಿಯೂ ಗಂಟಲು ಕಟ್ಟಲಿಲ್ಲ. ಬಾಯಿ ಅವಲಕ್ಕಿ, ಕೊಬ್ಬರಿ, ಸಕ್ಕರೆ ಕಲಸಿ ಮೇಲೆ ಹಣ್ಣು ಹೆಚ್ಚಿಟ್ಟು ಮಲಿದಾ ಮಾಡಿದ್ದರು; ಒಳ್ಳೆಯ ಕೆಲಸ ಮುಗಿದಾಗ ದೇವರಿಗೆ ಉಪಕಾರ ಹೇಳಿ ಅದನ್ನು ಹಂಚುವುದು ಅವರ ಕಡೆಯ ಪದ್ಧತಿ. ಆ ಸಲ ಅದರಲ್ಲಿ ಕಾಕಾ ತಂದ ಕೆಂಪು ಬಾಳೆಹಣ್ಣೂ ಇತ್ತು.

ಹಸ್ತಪ್ರತಿ ಒಪ್ಪಿಗೆಗೆಂದು ಸಂಸ್ಥೆಗೆ ಹೋಯಿತು. ತಿರುಗಿ ಬಂದಾಗ ಅದರ ಜೊತೆ ಎರಡು ಪುಟ ಹೆಚ್ಚಿಗೆ ಇದ್ದವು. ‘ಯಹೂದಿಗಳ ಸ್ವಭಾವ’ ಎಂಬ ತಲೆಬರಹ. ಅಧ್ಯಕ್ಷರೇ ಬರೆದದ್ದು. ಅದರಲ್ಲಿದ್ದದ್ದನ್ನು ಇಲ್ಲಿ ಮತ್ತೆ ಬರೆದು ಇನ್ನೊಮ್ಮೆ ಅಚ್ಚು ಮಾಡುವ ಮನಸ್ಸು ನನಗಿಲ್ಲ. ಒಂದು ಇಡೀ ಜನವನ್ನು ಲೋಭಿಗಳು, ಕಪಟಿಗಳು, ಲೋಕಕ್ಕೆ ಕಂಟಕರು ಎನ್ನುವ ಮಾತುಗಳು, ಅಷ್ಟೇ. ಅವರು ಒಬ್ಬ ಯಹೂದಿಯನ್ನೂ ಕಂಡವರಲ್ಲ. ಯಾರೋ ಹೇಳಿದ್ದು, ಯಾರೋ ಬರೆದದ್ದು, ಹುಡುಗರಿಗೆ ‘ಎರಡೂ ಬಾಜೂ ಗೊತ್ತಿರಬೇಕು’ ಎಂಬ ಹೆಸರಿನಲ್ಲಿ.

ಕಾಕಾ ಆ ಹಾಳೆ ಹಿಡಿದುಕೊಂಡು ಸಂಸ್ಥೆಯ ಆಫೀಸಿಗೆ ಹೋದರು. ನಾನೂ ಹಿಂದೆ ಹೋದೆ, ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದೆ.

“ಬರ್ರಿ ಅಧ್ಯಕ್ಷರ, ಕಮಲಾಪುರಕ್ಕ ಹೋಗೂಣು. ನೀವು ಬರದೀರಿ, ನೀವೇ ಬಾಯಿ ಎದುರಿಗೆ ಓದ್ರಿ. ಓದಿ ಮುಗಿಸಿದ್ರ ನಾಳೆ ಅಚ್ಚು ಹಾಕ್ತೀನಿ.”

“ನನಗೇನ್ ಬ್ಯಾರೆ ಕೆಲಸಿಲ್ಲೇನ್ರೀ? ಪುಸ್ತಕ ನಮ್ಮದು. ಹಾಕಂದ್ರ ಹಾಕ್ಬೇಕು.”

“ಪುಸ್ತಕ ನಿಮ್ಮದು. ಮಷಿನ್ ನಂದು.”

ಎರಡು ತಿಂಗಳೂ ಆಗಿರಲಿಕ್ಕಿಲ್ಲ, ಪುಸ್ತಕ ಬೇರೆ ಊರಿನ ಪ್ರೆಸ್ಸಿನಲ್ಲಿ ಅಚ್ಚಾಗಿ ಬಂತು. ಆ ಎರಡು ಪುಟ ನಡುವೆ ಇದ್ದವು. ರಕ್ಷಾಪುಟದ ಮೇಲೆ ನನ್ನ ಹೆಸರಿತ್ತು. ಬಾಯಿಯ ಮನೆಯಲ್ಲಿ ಮಲಿದಾ ತಿಂದ ಹೆಂಗಸಿನ ಹೆಸರಿನಲ್ಲಿ ಆ ಎರಡು ಪುಟ! ನಾನು ಮೂರು ದಿನ ಊಟ ಬಿಟ್ಟೆ. ಅದೂ ಸುಳ್ಳು, ಎರಡನೇ ದಿನ ಉಂಡೆ. ಚಿಂತೆಯಲ್ಲಿ ಹಸಿವು ಹೆಚ್ಚುವ ಜಾತಿ ನನ್ನದು.

ಬಿಡುಗಡೆಯ ಸಮಾರಂಭ ಒಂದು ಶುಕ್ರವಾರ ಮಧ್ಯಾಹ್ನ, ಸಂಸ್ಥೆಯ ಸಭಾಂಗಣದಲ್ಲಿ. ನಿಮ್ಮ ಜನರ ಬಗ್ಗೆ ಅಧ್ಯಕ್ಷರು ಎರಡು ಪುಟ ಸೇರಿಸಿದ್ದಾರೆ, ನಿಮ್ಮೆದುರೇ ಓದಲಿ ಎಂದಷ್ಟೇ ಕಾಕಾ ಬಾಯಿಗೆ ಹೇಳಿ, ಬರುತ್ತೀರಾ ಎಂದು ಕೇಳಿದರು. ದೀಪದ ಹೊತ್ತಿಗೆ ಮನೆ ಮುಟ್ಟಿಸುವುದಾದರೆ ಬರುತ್ತೇನೆ ಎಂದರು ಅವರು. ಬೆಳ್ಳನೆಯ ಇಸ್ತ್ರಿ ಸೀರೆ ಉಟ್ಟು ಬಂದು, ಮುಂದಿನ ಸಾಲಿನಲ್ಲಿ ಕಾಕು ಮತ್ತು ಕಾಕಾನ ನಡುವೆ ಕೂತರು. ಕಾಕಾ ಶಾಂತವಾಗಿದ್ದರು. ಅವರಿಗೆ ತಮ್ಮ ನಿಯಮದ ಮೇಲೆ ಅಷ್ಟು ಭರವಸೆ.

ಅಧ್ಯಕ್ಷರು ಮಾತು ಮುಗಿಸಿದಾಗ ಕಾಕಾ ಎದ್ದು ನಿಂತರು. ಮೈಕು ಬೇಕಿರಲಿಲ್ಲ.

“ಅಧ್ಯಕ್ಷರ, ಈ ಪುಸ್ತಕದಾಗ ಎರಡು ಪುಟ ನೀವು ಬರದೀರಿ. ಉಳದದ್ದು ಬರದ ನಮ್ಮ ತಂಗಿ ಹೆಸರಿನ ಮ್ಯಾಲ ಹಾಕೀರಿ. ಇರ್ಲಿ. ಇವ್ರು ನಮ್ಮ ಕಮಲಾಪುರದ ಬಾಯಿ, ಯಹೂದಿಗಳು. ಯಾರು ಕೇಳ್ತಾರ ಅಂದಿದ್ರಲ್ಲ? ಇವ್ರು ಕೇಳ್ತಾರ. ಓದ್ರಿ.”

ನಾನು ಹಿಂದಿನ ಸಾಲಿನಲ್ಲಿ ಸೆರಗಿನ ತುದಿ ಕಚ್ಚಿಕೊಂಡು ಅಧ್ಯಕ್ಷರ ಗಂಟಲನ್ನೇ ನೋಡುತ್ತಿದ್ದೆ. ಅವರು ಒಂದು ಗಳಿಗೆ ಬಾಯಿಯನ್ನು ನೋಡಿದರು. ಆಮೇಲೆ ಮುಗುಳ್ನಕ್ಕರು.

“ಓದೂಣು, ಅದರಾಗೇನದ? ತಾಯೀ, ತಪ್ಪು ತಿಳ್ಕೋಬ್ಯಾಡ್ರಿ. ಇದು ವಿದ್ಯಾರ್ಥಿಗಳ ಜ್ಞಾನಕ್ಕ.”

ಓದಿದರು. ಎರಡೂ ಪುಟ. ವಿರಾಮ ಕೊಡಬೇಕಾದಲ್ಲಿ ಕೊಟ್ಟು, ಒತ್ತಬೇಕಾದಲ್ಲಿ ಒತ್ತಿ, ರೇಡಿಯೋ ವಾರ್ತೆಯ ಹಾಗೆ. ಎಲ್ಲಿಯೂ ತಡೆಯಲಿಲ್ಲ, ಕೆಮ್ಮಲಿಲ್ಲ, ನೀರು ಕೇಳಲಿಲ್ಲ. ಓದಿ ಮುಗಿಸಿ ಬಾಯಿಗೆ ಕೈಯನ್ನೂ ಮುಗಿದರು. ಜನ ಚಪ್ಪಾಳೆ ಹೊಡೆದರು. ಯಾತಕ್ಕೆ ಹೊಡೆದರೋ ಅವರಿಗೂ ಗೊತ್ತಿರಲಿಕ್ಕಿಲ್ಲ; ಓದಿದ್ದು ಮುಗಿಯಿತು, ಇನ್ನು ಚಹಾ ಎಂದು ಹೊಡೆದಿರಬಹುದು. ಆ ಚಪ್ಪಾಳೆಯ ಸದ್ದಿಗೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಬಾಯಿ ಕಾಕಾನ ಕಡೆ ತಿರುಗಿದರು. ಅಷ್ಟೂ ಭಾನುವಾರ ಪ್ರತಿ ವಾಕ್ಯಕ್ಕೂ ತಿರುಗುತ್ತಿದ್ದ ಹಾಗೆಯೇ. “ಕಾಯ್ ಮ್ಹಣಾಲೇ ತೇ?” ಏನು ಹೇಳಿದರು ಅವರು?

ಕಾಕಾ ಬಾಯಿ ತೆರೆದರು. ಮಾತು ಬರಲಿಲ್ಲ. ಇನ್ನೊಮ್ಮೆ ಯತ್ನಿಸಿದರು. ಮೂರು ಭಾಷೆಯಲ್ಲಿ ಊರನ್ನು ಬೈದ ಆ ಗಂಟಲು ಮೇಲೆ ಕೆಳಗೆ ಆಡಿತು, ಒಂದು ಅಕ್ಷರ ಹೊರಬೀಳಲಿಲ್ಲ. ಅವರ ಕಿವಿಗಳು ಕೆಂಪಾಗಿರಲಿಲ್ಲ. ಬೂದಿಯ ಬಣ್ಣಕ್ಕೆ ತಿರುಗಿದ್ದವು.

ಬಾಯಿ ಅವರ ಮುಖವನ್ನು ನೋಡಿದರು. ಆಮೇಲೆ ಕೈಚೀಲ ತೆಗೆದುಕೊಂಡು ಎದ್ದರು. “ರಾಹೂ ದ್ಯಾ. ಕಳಲಂ ಮಲಾ. ಚಲಾ, ದಿವಾ ಲಾವಾಯಚಾ ಆಹೇ.” ಬಿಡಿ, ನನಗೆ ತಿಳಿಯಿತು. ನಡೆಯಿರಿ, ದೀಪ ಹಚ್ಚಬೇಕು.

ಕಮಲಾಪುರದ ಬಸ್ಸು ಹಿಡಿದೆವು. ಮಹಾಗಾಂವದ ಕ್ರಾಸಿನಲ್ಲಿ ಡ್ರೈವರ್ ಇಳಿದು ಚಹಾಕ್ಕೆ ಹೋದ. ತೊಗರಿ ಹೊಲದ ಮೇಲೆ ಸೂರ್ಯ ಒಂದು ಮೊಳ ಉಳಿದಿದ್ದ. ಆಗ ಕಾಕಾನಿಗೆ ಧ್ವನಿ ಮರಳಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರು ಆ ಡ್ರೈವರನನ್ನು ಬೈದ ರೀತಿ, ಪಾಪ, ಅವನ ಪಾಲಿನದಲ್ಲ ಅದು. ಅವನು ಅರ್ಧ ಚಹಾ ಚೆಲ್ಲಿ ಓಡಿ ಬಂದ. ಹೊತ್ತಿಗೆ ಮನೆ ಮುಟ್ಟಿದೆವು. ಬಾಯಿ ಬಾಗಿಲ ಚೌಕಟ್ಟಿನ ಡಬ್ಬಿ ಮುಟ್ಟಿದ ಬೆರಳನ್ನು ತುಟಿಗೆ ಒತ್ತಿಕೊಂಡು ಒಳಗೆ ಹೋಗಿ, ಗಾಜಿನ ಬಟ್ಟಲಿನಲ್ಲಿ ಕೊಬ್ಬರಿ ಎಣ್ಣೆಯ ದೀಪ ಹಚ್ಚಿ, ಕೈಯಿಂದ ಕಣ್ಣು ಮುಚ್ಚಿಕೊಂಡರು. ಕಾಕಾ ಹೊಸ್ತಿಲಿನ ಹೊರಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತೇ ಇದ್ದರು.

“ಅವನ ಗಂಟಲು ಕಟ್ಲಿಲ್ಲ ತಂಗಿ” ಎಂದರು. “ನನ್ನ ನಿಯಮ ಸುಳ್ಳಾತು.”

ಇಲ್ಲ ಕಾಕಾ, ಕಟ್ಟಬೇಕಾದವರದ್ದು ಕಟ್ಟಿತು ಎಂದು ನಾನು ಹೇಳಬೇಕಿತ್ತು. ಇಂಥ ಮಾತು ನನಗೆ ಹೊಳೆಯುವುದು ಬಸ್ಸು ಹೋದ ಮೇಲೆ.

ಮತ್ತೊಬ್ಬರಾಗಿದ್ದರೆ ಅಲ್ಲಿಗೆ ಸಾಕು ಎನ್ನುತ್ತಿದ್ದರು. ಕಾಕಾ ಸೋಮವಾರ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಪುಸ್ತಕ ಯಾವ ಯಾವ ಕಾಲೇಜಿನ ಲೈಬ್ರರಿಗೆ ಹೋಗಿದೆಯೋ ಅಲ್ಲಿಗೆಲ್ಲ. ಲೈಬ್ರೇರಿಯನ್ನನ ಎದುರು ಬಾಳೆಹಣ್ಣು ಇಡುವುದು, ಆ ಎರಡು ಪುಟವನ್ನು ಗಟ್ಟಿಯಾಗಿ ಓದಲು ಅವನಿಗೇ ಹೇಳುವುದು. ‘ನಿನ್ನ ಮನಿತನದ ಬಗ್ಗೆ ಹಿಂಗ ಬರದ್ರ?’ ಎಂದು ಕೇಳುವುದು. ಹತ್ತರಲ್ಲಿ ಎಂಟು ಜನ ಪುಸ್ತಕ ಮುಂದೆ ತಳ್ಳುತ್ತಿದ್ದರು. ಇಬ್ಬರು ಬೈದು ಕಳಿಸುತ್ತಿದ್ದರು, ಮುಂದಿನ ತಿಂಗಳು ಕಾಕಾ ಮತ್ತೆ ಅಲ್ಲಿ ಹಾಜರು. ಪುಸ್ತಕ ಕೈಗೆ ಬಂದರೆ ಅಡಿಪಟ್ಟಿ ಇಟ್ಟು ಬ್ಲೇಡಿನಿಂದ ಆ ಹಾಳೆ ಕತ್ತರಿಸುತ್ತಿದ್ದರು. ಎರಡು ಪುಟ ಎಂದರೆ ಒಂದೇ ಹಾಳೆ. ಆದರೆ ಹೊಲಿಗೆಯ ಬುಡಕ್ಕೇ ಕತ್ತರಿಸಬಾರದು. ಕತ್ತರಿಸಿದರೆ ಆ ಕಡೆಯ ಜೋಡಿ ಹಾಳೆಯೂ ಒಂದು ದಿನ ಸಡಿಲಾಗಿ ಉದುರುತ್ತದೆ. ಹಾಗಾಗಿ ಬೆರಳಗಲದ ಪಟ್ಟಿಯೊಂದನ್ನು ಬಿಡಬೇಕು. “ಸುಡೂದು, ಹರಿಯೂದು ನಮ್ಮ ಕೆಲಸಲ್ಲ. ಪುಸ್ತಕ ಛಲೋ ಅದ. ಹುಣ್ಣಷ್ಟ ತೆಗದ್ರ ಸಾಕು” ಎನ್ನುತ್ತಿದ್ದರು.

ಸಂಸ್ಥೆಯ ಕೆಲಸ ಮತ್ತೆ ಆ ಪ್ರೆಸ್ಸಿಗೆ ಬರಲಿಲ್ಲ. ಲಗ್ನಪತ್ರಿಕೆ, ರಸೀದಿ ಬುಕ್ಕುಗಳ ಮೇಲೆ ಉಳಿದ ದಿನ ಕಳೆದರು. ಬಾಯಿಯ ಮಗನಿಗೆ ವರ್ಗವಾಯಿತು. ಹೋಗುವ ಮುನ್ನ ಬಾಯಿ ಕಾಕುವಿಗೆ ಸಾಬೂದಾಣಿ ಖಿಚಡಿ ಮಾಡಿ ಕಳಿಸಿದರು, ಬುಧವಾರ. ಆಮೇಲೆ ಪ್ರೆಸ್ಸಿಗೆ ಬೀಗ ಬಿತ್ತು, ಕಂಪ್ಯೂಟರ್ ಬಂತು. ಕಾಕಾ ತೀರಿಕೊಂಡದ್ದು ಎದೆಯ ಬೇನೆಯಿಂದ, ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ, ಚೀಲ ಹೆಗಲಲ್ಲಿದ್ದಾಗಲೇ. ಸಂತಾಪಸಭೆಯಲ್ಲಿ ಅಧ್ಯಕ್ಷರು ಮಾತಾಡಿದರು. ಕಾಕಾ ತಮ್ಮ ಆತ್ಮೀಯ ಗೆಳೆಯ ಎಂದರು. ಆಗಲೂ ಗಂಟಲು ಕಟ್ಟಲಿಲ್ಲ.

ಮೊನ್ನೆ ಒಂದು ಕಾಲೇಜಿಗೆ ಪರೀಕ್ಷೆಯ ಕೆಲಸಕ್ಕೆ ಹೋದಾಗ ಅಲ್ಲಿಯ ಲೈಬ್ರರಿಯಲ್ಲಿ ನನ್ನ ಪುಸ್ತಕ ಸಿಕ್ಕಿತು. ನಡುವೆ ತೆರೆದೆ. ಬೆರಳಗಲದ ಪಟ್ಟಿ ಇತ್ತು, ದಾರದಷ್ಟು ನೇರ. ಒಂದು ಹಾಳೆಯೂ ಉದುರಿಲ್ಲ. ಪುಸ್ತಕ ಮುಚ್ಚಿ, ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಬರೆದಾದ ಮೇಲೆ ನಿಯಮ ಇದೆಯಲ್ಲ. ಕಾಕಾನ ಎದುರು ಓದಲು ಕಾಕಾ ಇಲ್ಲ. ಕಮಲಾಪುರಕ್ಕೆ ಹೋಗಿ ಕಾಕುವಿನ ಎದುರು ಓದಿದೆ. “ಬೆಕ್ಕಿನ ಕಿವಿ ಅಂತ ಬರದೀಯಲ್ಲ” ಎಂದು ನಕ್ಕರು, ಕಣ್ಣೊರೆಸಿಕೊಂಡರು, “ಇರ್ಲಿ ಬಿಡು” ಎಂದರು. ಬಾಯಿ ಈಗ ಎಲ್ಲಿದ್ದಾರೋ ಕಾಕುವಿಗೂ ಗೊತ್ತಿಲ್ಲ. ಆದರೆ ಈ ಬರಹದಲ್ಲಿ ಇನ್ನೊಬ್ಬರೂ ಇದ್ದಾರೆ. ಹಾಗಾಗಿ ಅಲ್ಲಿಂದ ಒಂದು ಡಜನ್ ಕೆಂಪು ಬಾಳೆಹಣ್ಣು ಕಟ್ಟಿಸಿಕೊಂಡು, ದಾರಿಯಲ್ಲಿ ಎರಡು ಸಲ ಆಟೋ ತಿರುಗಿಸಲು ಹೇಳಿ, ಎರಡು ಸಲ ಮತ್ತೆ ಮುಂದಕ್ಕೆ ಹೇಳಿ, ಅಧ್ಯಕ್ಷರ ಮನೆಗೆ ಹೋದೆ.

ಅವರೀಗ ಮುದುಕರು, ಹೊರಗೆ ಬರುವುದಿಲ್ಲ. ನನ್ನ ಗುರುತು ಹಿಡಿದರು. ಹಣ್ಣು ಟೇಬಲ್ಲಿನ ಮೇಲೆ ಇಟ್ಟು, ಎದುರಿಗೆ ಕೂತು, ಅಲ್ಲಿಯವರೆಗೆ ಬರೆದದ್ದನ್ನೆಲ್ಲ ಮೊದಲಿನಿಂದ ಓದಿದೆ. ಧ್ವನಿ ನಡುಗಲಿಲ್ಲ. ಒಂದೇ ಒಂದು ಕಡೆ ಗಂಟಲು ಕಟ್ಟಿತು. ಅಲ್ಲಿ ಅವರ ಈಗಿನ ಕಾಯಿಲೆಯ ಬಗ್ಗೆ ಸಿಟ್ಟಿನಲ್ಲಿ ಒಂದು ಸಾಲು ಬರೆದಿದ್ದೆ. ಪೆನ್ನು ತೆಗೆದು ಅವರ ಎದುರಿಗೇ ಹೊಡೆದೆ. ಮುಂದೆ ಓದಿದೆ.

ಮುಗಿದಾಗ ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು: “ಛಾಪಸ್ರಿ, ಅಚ್ಚು ಹಾಕಸ್ರಿ. ಯಾರು ಓದ್ತಾರ್ರೀ ಇದನ್ನ?”

ಆ ಒಂದು ಸಾಲು ಬಿಟ್ಟರೆ, ಓದಿದ್ದು ಓದಿದ ಹಾಗೆಯೇ ಇಲ್ಲಿದೆ.